ಬಿಸಿ ಬಂತು, ನ್ಯೂಟ್ರಾನ್ ಎಲ್ಲಿ?

ಲಗ್ಗೆರೆಯಿಂದ ಪೀಣ್ಯಕ್ಕೆ ಹೋಗಿ ಲೇತ್ ಓಡಿಸೋರಿಗೆ ಕರೆಂಟ್ ಬಿಲ್ ಬಗ್ಗೆ ನಾನು ಹೇಳ್ಬೇಕಿಲ್ಲ. ‘ಕೋಲ್ಡ್ ಫ್ಯೂಷನ್’ ಅಂದ್ರೆ ಕಿವಿ ನೆಟ್ಟಗಾಗೋದು ಸಹಜ.

1989ರಲ್ಲಿ ಅಮೆರಿಕದ ಯೂಟಾದಲ್ಲಿ ಫ್ಲೈಷ್‌ಮನ್, ಪಾನ್ಸ್ ಹೇಳಿದ್ದಿಷ್ಟು: ಭಾರಜಲದಲ್ಲಿ ಪಲ್ಲಾಡಿಯಂ ಕಡ್ಡಿ ಇಟ್ಟು ಕರೆಂಟ್ ಹರಿಸಿದ್ರೆ, ಕೊಟ್ಟದ್ದಕ್ಕಿಂತ ಜಾಸ್ತಿ ಬಿಸಿ ಬರುತ್ತೆ. ಮುಂಬೈನ ಬಿಎಆರ್‌ಸಿಯಲ್ಲೂ ನ್ಯೂಟ್ರಾನ್, ಟ್ರಿಟಿಯಂ ಸಿಕ್ತು ಅಂದ್ರು. 2015ರಲ್ಲಿ ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ (ಇದು ಬೇರೆ ಕರೆಂಟ್!) ಇದಕ್ಕೆ ವಿಶೇಷ ವಿಭಾಗವನ್ನೇ ಕೊಟ್ಟಿತು.

ಆದ್ರೆ ಲೆಕ್ಕ ಕೂಡಲ್ಲ. ಗೊತ್ತಿರೋ ಫ್ಯೂಷನ್‌ನಿಂದ ಒಂದೇ ವ್ಯಾಟ್ ಬಂದ್ರೂ ಸೆಕೆಂಡಿಗೆ ಸುಮಾರು ಲಕ್ಷ ಕೋಟಿ ನ್ಯೂಟ್ರಾನ್ ಹೊರಬರ್ಬೇಕು. ಪಕ್ಕದಲ್ಲಿ ನಿಂತೋರು ಉಳಿಯೋದೇ ಕಷ್ಟ, ಇವರೆಲ್ಲ ಆರಾಮಾಗಿದ್ರು. 2019ರಲ್ಲಿ ಗೂಗಲ್ ದುಡ್ಡು ಕೊಟ್ಟ ತಂಡವೂ ಪುರಾವೆ ಸಿಗಲಿಲ್ಲ ಅಂತ ‘ನೇಚರ್’ನಲ್ಲಿ ಬರೀತು.

ಇಂಥ ಡಬ್ಬಿಗೆ ದುಡ್ಡು ಹಾಕಿ ಅಂತ ಯಾರಾದ್ರೂ ಬಂದ್ರೆ ಕೇಳಿ: ಪ್ಲಗ್ ಕಿತ್ತ ಮೇಲೂ ಓಡುತ್ತಾ? ಮೀಟರ್ ನಾವೇ ತರ್ತೀವಿ ಅನ್ನಿ.