ಬರ–ನೆರೆಗಳನ್ನು ತಾಳುವ ತಳಿಗಳು

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ರೈತರಿಗಾಗಿ ನೀಡಿದ ಭಾಷಣದ ಬರಹರೂಪ)



ಈ ಎರಡು ತಾಲ್ಲೂಕುಗಳಲ್ಲಿ ಬೇಸಾಯ ಎರಡು ಬಗೆಯದು. ಕಬಿನಿ ಮತ್ತು ಕಾವೇರಿ ನಾಲೆಗಳ ಕೆಳಗೆ ಭತ್ತ, ಕಬ್ಬು, ಬಾಳೆ. ನಾಲೆಯ ನೀರು ಏರದ ಹೊಲಗಳಲ್ಲಿ ರಾಗಿ, ಜೋಳ, ಹತ್ತಿ, ಅಲಸಂದೆ, ಹುರುಳಿ. ಕೆಲವು ವರ್ಷಗಳಿಂದ ಎರಡಕ್ಕೂ ಪೆಟ್ಟು ಬೀಳುತ್ತಿದೆ. 2019ರ ಆಗಸ್ಟ್ ತಿಂಗಳಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ಬೀದಿಗಳಿಗೆ ನೀರು ನುಗ್ಗಿತು. ಹೊಳೆಯ ದಂಡೆಯ ಗದ್ದೆಗಳು ಮುಳುಗಿದವು. 2023ರಲ್ಲಿ ಮುಂಗಾರು ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಮರುವರ್ಷ, 2024ರಲ್ಲಿ, ಹೊಳೆ ಮತ್ತೆ ದಂಡೆ ಮೀರಿತು. ಐದಾರು ವರ್ಷಗಳೊಳಗೆ ಒಂದೇ ಸೀಮೆ ಬರವನ್ನೂ ನೆರೆಯನ್ನೂ ಕಂಡಿದೆ.

ಇಂತಹ ಕಾಲದಲ್ಲಿ ರೈತನು ಕೇಳುವ ಪ್ರಶ್ನೆ ಒಂದೇ: "ಇದನ್ನೆಲ್ಲಾ ತಾಳಿಕೊಳ್ಳುವ ಬೀಜ ಇದೆಯೆ?" ಎಲ್ಲವನ್ನೂ ತಾಳುವ ಒಂದೇ ಬೀಜ ಇಲ್ಲ. ಆದರೆ ಒಂದೊಂದು ಕಷ್ಟವನ್ನು ತಾಳುವ ತಳಿಗಳಿವೆ. ಯಾವುದು ಯಾವ ಹೊಲಕ್ಕೆ, ಯಾವ ಮಳೆಗೆ ಎಂಬುದನ್ನು ತಿಳಿದು ಬಿತ್ತಿದರೆ ಕೆಟ್ಟ ವರ್ಷದಲ್ಲೂ ಮನೆಗೆ ಕಾಳು ಬರುತ್ತದೆ.

ಬೆಳೆ ಬರವನ್ನು ಎದುರಿಸುವ ಬಗೆ

ಬೆಳೆಗಳು ಬರವನ್ನು ಮೂರು ಬಗೆಯಲ್ಲಿ ಎದುರಿಸುತ್ತವೆ. ಮೊದಲನೆಯದು, ಬರದಿಂದ ತಪ್ಪಿಸಿಕೊಳ್ಳುವುದು. ಬೇಗ ಮಾಗುವ ತಳಿಯು ತೇವ ಆರುವ ಮೊದಲೇ ತೆನೆ ಕಟ್ಟಿ ಮುಗಿಸುತ್ತದೆ. ಎರಡನೆಯದು, ಬೇರನ್ನು ಆಳಕ್ಕೆ ಇಳಿಸಿ, ಎಲೆಯಿಂದ ನೀರು ಆರುವುದನ್ನು ತಗ್ಗಿಸಿ ಒಡಲಿನ ತೇವವನ್ನು ಕಾಪಾಡಿಕೊಳ್ಳುವುದು. ಮೂರನೆಯದು, ಒಣಗಿದಂತೆ ಕಂಡರೂ ಜೀವ ಹಿಡಿದಿದ್ದು, ಮಳೆ ಬಿದ್ದೊಡನೆ ಚೇತರಿಸಿಕೊಳ್ಳುವುದು. ರಾಗಿಯಲ್ಲಿ ಈ ಮೂರನೆಯ ಗುಣ ಹೆಚ್ಚಾಗಿದೆ. ಬಾಡಿದ ರಾಗಿ ಪೈರು ಒಂದು ಹದ ಮಳೆಗೆ ಮತ್ತೆ ತೆಂಡೆಯೊಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ತೆನೆ ಹೊರಡುವ ಮತ್ತು ಕಾಳು ತುಂಬುವ ಹೊತ್ತಿನಲ್ಲಿ ತೇವ ತಪ್ಪಿದರೆ ರಾಗಿಗೂ ಚೇತರಿಕೆ ಇಲ್ಲ.

ಆದುದರಿಂದ ತಳಿಯ ಅವಧಿಗೂ ಮಳೆಯ ಕಾಲಕ್ಕೂ ಹೊಂದಾಣಿಕೆ ಇರಬೇಕು. ಇಲ್ಲಿ ಏಪ್ರಿಲ್–ಮೇ ತಿಂಗಳ ಮಳೆ ಒಂದು, ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆ ಇನ್ನೊಂದು. ನಡುವೆ ಮಳೆಗೆ ಬಿಡುವು. ಮೊದಲ ಮಳೆಗೆ ಎಳ್ಳು ಅಥವಾ ಅಲಸಂದೆ, ಆಮೇಲೆ ರಾಗಿ ಅಥವಾ ಹುರುಳಿ ಎಂಬ ಹಿರಿಯರ ಪದ್ಧತಿ ಈ ಲೆಕ್ಕದ ಮೇಲೆಯೇ ನಿಂತಿದೆ. ಈಗ ನಡುವಿನ ಬಿಡುವು ಒಮ್ಮೊಮ್ಮೆ ಉದ್ದವಾಗುತ್ತದೆ, ಹಿಂದಿನ ಮಳೆ ಒಮ್ಮೊಮ್ಮೆ ಒಂದೆರಡು ದಿನಗಳಲ್ಲೇ ಸುರಿದು ಹೋಗುತ್ತದೆ.

ರಾಗಿ ತಳಿಗಳ ಕಥೆ

ತಳಿ ಅಭಿವೃದ್ಧಿ ಏನು ಮಾಡಬಲ್ಲದು ಎಂಬುದಕ್ಕೆ ರಾಗಿಗಿಂತ ಹತ್ತಿರದ ನಿದರ್ಶನ ಬೇಡ. ರಾಗಿಯ ಹೂವು ಬಹಳ ಚಿಕ್ಕದು. ಮುಂಜಾವಿನ ಕತ್ತಲೆಯಲ್ಲಿ ಅರಳಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹೀಗಾಗಿ ಎರಡು ತಳಿಗಳನ್ನು ಕೂಡಿಸುವುದು ಬಹುಕಾಲ ಕಷ್ಟವಾಗಿತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ತಳಿತಜ್ಞರು ಈ ಕಷ್ಟವನ್ನು ದಾಟಿದರು. ಎರಡು ತಳಿಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿ, ಹುಟ್ಟಿದ ಸಸಿಗಳಲ್ಲಿ ಗಿಡದ ಬಣ್ಣ ನೋಡಿ ನಿಜವಾದ ಮಿಶ್ರ ಸಸಿಗಳನ್ನು ಆರಿಸುವ ವಿಧಾನ ಇಲ್ಲಿ ನೆರವಾಯಿತು. ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ 1970ರ ದಶಕದಲ್ಲಿ ಅವರು ಕೊಟ್ಟವೇ ಇಂಡಾಫ್ ತಳಿಗಳು. ಇಂಡಿಯಾ ಮತ್ತು ಆಫ್ರಿಕಾ ಎರಡರ ಹೆಸರೂ ಅದರಲ್ಲಿ ಸೇರಿದೆ.

ಇಂಡಾಫ್-8 ದೀರ್ಘಾವಧಿಯದು, ಮುಂಚಿನ ಬಿತ್ತನೆಗೆ. ಇಂಡಾಫ್-9 ಅಲ್ಪಾವಧಿಯದು, ತಡವಾದ ಬಿತ್ತನೆಗೆ. ಇಂಡಾಫ್-7 ಚಳಿಯನ್ನು ತಾಳುವುದರಿಂದ ಹಿಂಗಾರಿಗೆ. ಒಂದೇ ಬೆಳೆಯಲ್ಲಿ ಮಳೆಗಾಲದ ಒಂದೊಂದು ಗಳಿಗೆಗೂ ಒಂದೊಂದು ತಳಿ ದೊರೆತದ್ದು ದೊಡ್ಡ ಲಾಭ. ಆಮೇಲೆ ಬೆಂಕಿ ರೋಗದ ಕಾಟ ಹೆಚ್ಚಿತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇಂಡಾಫ್ ತಳಿಗಳಿಗೆ ರೋಗ ತಡೆಯುವ ಐ.ಇ.-1012 ಎಂಬ ತಳಿಯನ್ನು ಕೂಡಿಸಿ 1990ರ ದಶಕದಲ್ಲಿ ಜಿ.ಪಿ.ಯು.-28 ತಳಿಯನ್ನು ಬಿಡುಗಡೆ ಮಾಡಿದರು. ಬರ ಮತ್ತು ಬೆಂಕಿ ರೋಗ ಎರಡನ್ನೂ ತಾಳುವ ಎಂ.ಎಲ್.-365 ಅದರ ನಂತರ ಬಂದಿತು.

ಒಂದು ತಳಿ ಹುಟ್ಟಲು ಎಷ್ಟು ಕಾಲ ಬೇಕು ಎಂಬುದನ್ನೂ ತಿಳಿದಿರಬೇಕು. ಕೂಡಿಸಿದ ಮೊದಲ ಪೀಳಿಗೆ ಒಂದೇ ಸಮನಾಗಿರುತ್ತದೆ. ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರಿ, ಗಿಡಕ್ಕೊಂದು ಬಗೆ ಕಾಣುತ್ತದೆ. ಅವುಗಳಲ್ಲಿ ಒಳ್ಳೆಯವನ್ನು ಐದಾರು ಪೀಳಿಗೆ ಆರಿಸುತ್ತಾ ಹೋದರೆ ಗುಣ ನೆಲೆಗೊಳ್ಳುತ್ತದೆ. ಬಳಿಕ ಸಂಶೋಧನಾ ಕ್ಷೇತ್ರಗಳಲ್ಲಿ, ಅನಂತರ ರೈತರ ಹೊಲಗಳಲ್ಲಿ ಪರೀಕ್ಷೆ, ಕೊನೆಗೆ ಬೀಜೋತ್ಪಾದನೆ. ಎಲ್ಲಾ ಸೇರಿ ಸುಮಾರು ಹತ್ತು ವರ್ಷ. ಹತ್ತು ವರ್ಷಗಳ ನಂತರದ ಮಳೆಗೆ ಬೇಕಾದ ತಳಿಯ ಕೆಲಸ ಇಂದೇ ನಡೆಯಬೇಕು ಎಂದಾಯಿತು.

ನಾಲೆಯ ಕೆಳಗಿನ ಭತ್ತ

ಭತ್ತದಲ್ಲಿ ಮುಖ್ಯ ಪ್ರಶ್ನೆ ನೀರಿನದು. ಫಿಲಿಪ್ಪೈನ್ಸ್ ದೇಶದ ಅಜುಸೆನಾ ಎಂಬ ಹೊಲದ ಭತ್ತಕ್ಕೆ ಆಳವಾದ, ದಪ್ಪನೆಯ ಬೇರುಗಳಿವೆ. ಅದನ್ನು ಐ.ಆರ್.-64ರೊಡನೆ ಕೂಡಿಸಿ, ಬೇರಿನ ಗುಣವುಳ್ಳ ಸಂತತಿಯನ್ನು ವಂಶವಾಹಿಯ ಗುರುತುಗಳ ನೆರವಿನಿಂದ ಆರಿಸಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಶಾರದಾ ಎಂಬ ಎಂ.ಎ.ಎಸ್. 946-1 ತಳಿಯನ್ನು 2007ರಲ್ಲಿ ಹೊರತಂದಿತು. ಇದಕ್ಕೆ ಕೆಸರು ಮಾಡಬೇಕಿಲ್ಲ, ಒಟ್ಲು ಬೇಕಿಲ್ಲ. ರಾಗಿಯಂತೆ ಸಾಲಿನಲ್ಲಿ ಬಿತ್ತಿ, ನೆಲ ಹಸಿಯಾಗಿರುವಂತೆ ನೀರು ಕೊಟ್ಟರೆ ಸಾಕು. ಇದರ ತೊಡಕನ್ನೂ ಹೇಳಬೇಕು. ನಿಂತ ನೀರಿಲ್ಲದ ಕಡೆ ಕಳೆ ಹೆಚ್ಚು. ಕಬ್ಬಿಣದ ಅಂಶದ ಕೊರತೆಯಿಂದ ಎಳೆಯ ಎಲೆ ಹಳದಿಯಾಗುವುದುಂಟು. ಮೊದಲ ಒಂದೂವರೆ ತಿಂಗಳು ಕಳೆ ಹತೋಟಿ ಮಾಡಲಾರದವರು ಈ ಪದ್ಧತಿಗೆ ಕೈಹಾಕಬಾರದು.

ನೆರೆಗೂ ಒಂದು ಉಪಾಯ ದೊರೆತಿದೆ. ಒಡಿಶಾದ ಹಳೆಯ ನಾಟಿ ಭತ್ತವೊಂದರಲ್ಲಿ ಮುಳುಗಡೆಯನ್ನು ಸಹಿಸುವ ಗುಣವಿತ್ತು. ಆ ಗುಣವನ್ನು ಸ್ವರ್ಣ ತಳಿಗೆ ಸೇರಿಸಿದ ಸ್ವರ್ಣ-ಸಬ್1 ತಳಿ 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಪೈರು ಎರಡು ವಾರದವರೆಗೆ ಮುಳುಗಿದ್ದರೂ ನೀರು ಇಳಿದ ಮೇಲೆ ಚಿಗುರುತ್ತದೆ. ಸ್ವರ್ಣ ದೀರ್ಘಾವಧಿ ತಳಿಯಾದುದರಿಂದ ಹೊಳೆ ದಂಡೆಯ ರೈತರು ನಾಲೆ ನೀರಿನ ಅವಧಿ ನೋಡಿ, ಒಂದು ಸಣ್ಣ ತಾಕಿನಲ್ಲಿ ಪರೀಕ್ಷಿಸದೆ ಅದನ್ನು ಕೊಳ್ಳಬಾರದು.

ಬಿಸಿಲಿನ ಮಾತು ಬೇರೆ. ಹೂ ಬಿಡುವ ಹೊತ್ತಿನಲ್ಲಿ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಭತ್ತದ ಪರಾಗ ಕೆಟ್ಟು ಜೊಳ್ಳು ಹೆಚ್ಚುತ್ತದೆ. ಬೇಸಿಗೆ ಭತ್ತದ ನಾಟಿಯನ್ನು ತಡಮಾಡಿದರೆ ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕಿಬೀಳುತ್ತದೆ. ಗೋಧಿಯ ಪಾಡೂ ಇದೇ. 2022ರ ಮಾರ್ಚ್ ತಿಂಗಳ ಬಿಸಿಲಿಗೆ ಉತ್ತರ ಭಾರತದ ಗೋಧಿ ಕಾಳು ತುಂಬದೆ ಸೊರಗಿತು; ಮೇ ತಿಂಗಳಲ್ಲಿ ಸರ್ಕಾರ ಗೋಧಿಯ ರಫ್ತನ್ನೇ ನಿಲ್ಲಿಸಿತು. ಈ ಸೀಮೆಯ ಚಳಿಗಾಲ ಗೋಧಿಗೆ ಸಾಲದು, ನಿಜ. ಆದರೆ ಧಾರವಾಡ ಕೃಷಿ ವಿಶ್ವವಿದ್ಯಾನಿಲಯವು ಹಳೆಯ ಖಪ್ಲಿ ಗೋಧಿಯಿಂದ ಡಿ.ಡಿ.ಕೆ.-1029ರಂತಹ ಗಿಡ್ಡ ತಳಿಗಳನ್ನು ಮಾಡಿರುವುದು ಇಲ್ಲಿಯ ರೈತರಿಗೂ ಪಾಠ: ಹಳೆಯ ಬೀಜ ಉಳಿದಿದ್ದರೆ ಮಾತ್ರ ಹೊಸ ಬೀಜ.

ನಂಜನಗೂಡು ರಸಬಾಳೆಯ ಎಚ್ಚರಿಕೆ

ಈ ಪಾಠವನ್ನು ನಂಜನಗೂಡು ರಸಬಾಳೆ ಇನ್ನೂ ಕಟುವಾಗಿ ಕಲಿಸಿದೆ. ರಸಬಾಳೆಗೆ ಬೀಜವಿಲ್ಲ. ಕಂದಿನಿಂದ ಕಂದಿಗೆ ಬೆಳೆಸುವುದರಿಂದ ತೋಟದ ಗಿಡಗಳೆಲ್ಲಾ ಒಂದೇ ಗುಣದವು. ಪನಾಮಾ ಸೊರಗು ರೋಗ ಒಂದಕ್ಕೆ ತಗುಲಿದರೆ ಎಲ್ಲಕ್ಕೂ ತಗುಲಿದಂತೆ. ರೋಗದ ಬೂಷ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಭೌಗೋಳಿಕ ಗುರುತು ಪಡೆದ ಹಣ್ಣು ತನ್ನ ಊರಿನಲ್ಲೇ ಅಪರೂಪವಾಯಿತು. ಊರಿಗೆಲ್ಲಾ ಒಂದೇ ರಾಗಿ ತಳಿ, ನಾಲೆಗೆಲ್ಲಾ ಒಂದೇ ಭತ್ತದ ತಳಿ ಎಂದು ಹೊರಟರೆ ಅಲ್ಲಿಯೂ ಇದೇ ಅಪಾಯ ಕಾದಿರುತ್ತದೆ.

ರೈತರು ಮಾಡಬೇಕಾದುದು

1. ಬೀಜವನ್ನು ಬಿತ್ತನೆಯ ದಿನಕ್ಕೆ ತಕ್ಕಂತೆ ಆರಿಸಿರಿ. ಜುಲೈ ತಿಂಗಳಲ್ಲಿ ಹದ ಸಿಕ್ಕರೆ ಜಿ.ಪಿ.ಯು.-28 ಅಥವಾ ಎಂ.ಎಲ್.-365; ಮಳೆ ಆಗಸ್ಟ್‌ಗೆ ಜಾರಿದರೆ ಜಿ.ಪಿ.ಯು.-48 ಅಥವಾ ಇಂಡಾಫ್-9ರಂತಹ ಅಲ್ಪಾವಧಿ ತಳಿ. ತಡವಾದ ಮೇಲೆ ದೀರ್ಘಾವಧಿ ತಳಿ ಬಿತ್ತುವುದು ಕಾಳನ್ನು ಕಳೆದುಕೊಳ್ಳುವ ದಾರಿ.

2. ಇಡೀ ಹೊಲಕ್ಕೆ ಒಂದೇ ತಳಿ ಬೇಡ. ಅವಧಿ ಬೇರೆಯಾದ ಎರಡು ತಳಿಗಳಿರಲಿ. ಅಕ್ಕಡಿ ಸಾಲಿನ ಅವರೆ, ತೊಗರಿಗಳನ್ನು ಬಿಡಬೇಡಿರಿ.

3. ರಾಗಿ ಬೀಜವನ್ನು ಕಠಿಣಪಡಿಸಿ ಬಿತ್ತಿರಿ. ಒಂದು ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಂತೆ 6 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯ ಚೀಲದಲ್ಲಿ 2 ದಿನ ಬಿಗಿಯಾಗಿ ಕಟ್ಟಿಡಿ. ಮೊಳಕೆಯ ಸೂಚನೆ ಕಂಡೊಡನೆ ತೆಗೆದು ನೆರಳಿನಲ್ಲಿ 2 ದಿನ ಒಣಗಿಸಿರಿ. ಇಂತಹ ಬೀಜದ ಸಸಿ ಆರಂಭದ ಒಣಹವೆಯನ್ನು ಚೆನ್ನಾಗಿ ತಡೆಯುತ್ತದೆ.

4. ರಾಗಿಯ ಬೀಜವನ್ನು ಒಳ್ಳೆಯ ತೆನೆ ಆರಿಸಿ ಎರಡು ಮೂರು ವರ್ಷ ಮನೆಯಲ್ಲೇ ಇಟ್ಟುಕೊಳ್ಳಬಹುದು. ಸಂಕರಣ ಭತ್ತ, ಸಂಕರಣ ಮುಸುಕಿನ ಜೋಳಗಳಲ್ಲಿ ಇದು ಸಲ್ಲದು; ಪ್ರತಿ ಬೆಳೆಗೂ ಹೊಸ ಬೀಜ ಬೇಕು.

5. ಮನೆಯಲ್ಲಿ ರಾಜಮುಡಿಯಂತಹ ಹಳೆಯ ಭತ್ತವೋ ಹಳೆಯ ರಾಗಿಯೋ ಇದ್ದರೆ ಒಂದು ಮೂಲೆಯಲ್ಲಾದರೂ ಬೆಳೆದು ಉಳಿಸಿರಿ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತನು ತನ್ನ ತಳಿಯನ್ನು ತನ್ನ ಹೆಸರಿನಲ್ಲೇ ನೋಂದಾಯಿಸಬಹುದು. ಇದಕ್ಕೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಿರಿ.

6. ಬರ ಬಿದ್ದ ವರ್ಷ ಹೊಲವನ್ನು ಚೆನ್ನಾಗಿ ನೋಡಿರಿ. ಎಲ್ಲಾ ಒಣಗಿರುವ ಕಡೆ ತೆನೆ ತುಂಬಿ ನಿಂತ ಗಿಡವಿದ್ದರೆ ಅದಕ್ಕೆ ದಾರ ಕಟ್ಟಿ, ಬೀಜವನ್ನು ಬೇರೆಯಾಗಿ ತೆಗೆದಿಡಿ. ತಳಿತಜ್ಞನು ಹುಡುಕುವುದೂ ಅಂತಹ ಗಿಡವನ್ನೇ.

ತಳಿ ಎಷ್ಟೇ ಗಟ್ಟಿಯಾಗಿದ್ದರೂ ಬದು ಇಲ್ಲದ, ಗೊಬ್ಬರ ಕಾಣದ ಹೊಲದಲ್ಲಿ ಅದರ ಗುಣ ಹೊರಬೀಳುವುದಿಲ್ಲ. ಬೀಜ, ತೇವ, ಮಣ್ಣು ಈ ಮೂರನ್ನೂ ಕೂಡಿಸಿ ನಡೆಯುವ ರೈತನಿಗೆ ಮಳೆ ತಪ್ಪಿದ ವರ್ಷದಲ್ಲೂ ಕಣ ಬರಿದಾಗದು. ಮುಂದಿನ ಮುಂಗಾರಿಗೆ ಬೀಜ ಕೊಳ್ಳಲು ಹೋಗುವ ಮುನ್ನ, ತಮ್ಮ ಹೊಲಕ್ಕೆ ಕಳೆದ ಐದು ವರ್ಷ ಮಳೆ ಯಾವ ಯಾವ ವಾರದಲ್ಲಿ ಬಂತೆಂದು ಮನೆಮಂದಿಯೊಡನೆ ಕುಳಿತು ಬರೆದುಕೊಳ್ಳಿರಿ. ತಳಿಯ ಆಯ್ಕೆ ಆ ಹಾಳೆಯಿಂದ ಆರಂಭವಾಗಲಿ.