ಮಚ್ ವೆನ್‌ಲಾಕಿನ ಓಟದ ಬಯಲು



ಇಂಗ್ಲೆಂಡಿನ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಲಂಡನ್ನಿನ ಅರಮನೆ, ಪಾರ್ಲಿಮೆಂಟು ಮತ್ತು ಯುದ್ಧಗಳು. ಆದರೆ ಈ ನಾಡಿನ ಸತ್ತ್ವವನ್ನು ಅರಿಯಬೇಕಾದರೆ ಇಲ್ಲಿನ ಸಣ್ಣ ಊರುಗಳ ಬಾಳನ್ನೂ ನೋಡಬೇಕು. ಅಂಥ ಒಂದು ಊರಿನ ಕಥೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇವೆ. ಶ್ರಾಪ್‌ಶೈರಿನಲ್ಲಿ ಸುಣ್ಣಕಲ್ಲಿನ ನೀಳವಾದ ಬೆಟ್ಟದ ತಪ್ಪಲಲ್ಲಿರುವ ಆ ಊರಿನ ಹೆಸರು ಮಚ್ ವೆನ್‌ಲಾಕ್. ಅಲ್ಲಿನ ಜನಸಂಖ್ಯೆ ಸುಮಾರು ಮೂರು ಸಾವಿರ.

ಏಳನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲೊಂದು ಕ್ರೈಸ್ತ ಮಠ ಸ್ಥಾಪನೆಯಾಯಿತು. ರಾಜಕುಮಾರಿ ಮಿಲ್ಬರ್ಗಾ ಅದರ ಮುಖ್ಯಸ್ಥೆಯಾಗಿದ್ದಳು. ಮಠದ ನೆರಳಿನಲ್ಲಿ ಊರು ಬೆಳೆಯಿತು. 1468ರಲ್ಲಿ ಅದಕ್ಕೆ ಪಟ್ಟಣದ ಸನ್ನದು ದೊರೆಯಿತು. 1540ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಂತೆ ಮಠ ಮುಚ್ಚಿಹೋಯಿತು, ಊರು ಉಳಿಯಿತು.

ಈ ಊರಿಗೆ ಲೋಕಖ್ಯಾತಿಯನ್ನು ತಂದವರು ಒಬ್ಬ ವೈದ್ಯರು. 1809ರಲ್ಲಿ ಇಲ್ಲಿಯೇ ಜನಿಸಿದ ವಿಲಿಯಂ ಪೆನ್ನಿ ಬ್ರೂಕ್ಸ್ ಅವರು ಲಂಡನ್, ಪ್ಯಾರಿಸ್ ಮತ್ತು ಪದುವಾಗಳಲ್ಲಿ ವ್ಯಾಸಂಗ ಮಾಡಿ, 1831ರಲ್ಲಿ ತಂದೆಯ ವೃತ್ತಿಯನ್ನು ಮುಂದುವರಿಸಲು ಹಿಂದಿರುಗಿದರು. ದುಡಿಯುವವರ ಕೈಗೆ ಪುಸ್ತಕ ದೊರೆಯಲೆಂದು 1841ರಲ್ಲಿ ಒಂದು ವಾಚನ ಸಂಘವನ್ನು ಕಟ್ಟಿದರು. ಓದಿನಂತೆ ದೇಹಕ್ಕೂ ಶಿಕ್ಷಣ ಬೇಕೆಂಬುದು ಅವರ ದೃಢ ನಂಬಿಕೆ. 1850ರಲ್ಲಿ ಅದೇ ಸಂಘದಲ್ಲಿ ‘ಒಲಿಂಪಿಯನ್’ ಶಾಖೆಯೊಂದು ಹುಟ್ಟಿ, ಆ ವರ್ಷದ ಅಕ್ಟೋಬರಿನಲ್ಲಿ ಮೊದಲ ಕ್ರೀಡೋತ್ಸವ ನಡೆಯಿತು.

ಗಂಭೀರವೂ ವಿನೋದವೂ ಕೂಡಿದ ಉತ್ಸವವದು. ಓಟ, ಜಿಗಿತ, ಕ್ರಿಕೆಟ್, ಫುಟ್‌ಬಾಲ್ ಇದ್ದವು. ಕಣ್ಣು ಕಟ್ಟಿಕೊಂಡು ಕೈಗಾಡಿ ತಳ್ಳುವ ಪಂದ್ಯವೂ ಇತ್ತು. ಒಂದು ವರ್ಷ ಮುದುಕಿಯರ ಓಟಕ್ಕೆ ಒಂದು ಪೌಂಡು ಚಹಾಪುಡಿಯೇ ಬಹುಮಾನ! ಓದು-ಬರಹಕ್ಕೂ ಹೆಣಿಗೆಗೂ ಬಹುಮಾನಗಳಿದ್ದವು. ಹೆಂಗಸರ ಓಟ ಅಂದು ವಿನೋದದ ಮಟ್ಟದಲ್ಲೇ ಉಳಿಯಿತೆಂಬುದನ್ನೂ ನಾವು ಮರೆಯಬಾರದು.

ಮುಂದೆ ಬ್ರೂಕ್ಸ್ ಅವರು ಶಾಲೆಗಳಲ್ಲಿ ಅಂಗಸಾಧನೆ ಕಡ್ಡಾಯವಾಗಬೇಕೆಂದು ಸರ್ಕಾರದೊಡನೆ ವಾದಿಸಿದರು. ಊರಿನ ಶಾಲೆಯ ಹುಡುಗರಿಗೆ ಅಂಗಸಾಧನೆ ಮಾಡಿಸಿ, ಅವರ ಎದೆಯ ಸುತ್ತಳತೆಯನ್ನು ಅಳೆದು ನೋಡಿದರು. ಆ ಹುಡುಗರು ತಿರುಗಿಸಿದ ಸಾಧನಗಳಲ್ಲಿ ‘ಇಂಡಿಯನ್ ಕ್ಲಬ್’ ಒಂದು. ಅದು ನಮ್ಮ ಗರಡಿಮನೆಗಳ ಮುದ್ಗರದ ಸಂತಾನವೇ ಎಂಬುದು ನಮಗೆ ಹರ್ಷದ ಸಂಗತಿ.

ಈ ಕಥೆಯ ಮರ್ಮವಿರುವುದು ‘ಬಯಲಿನಲ್ಲಿ ಓಡಲು ಯಾರು ಅರ್ಹರು?’ ಎಂಬ ಪ್ರಶ್ನೆಯಲ್ಲಿ. 1865ರಲ್ಲಿ ಬ್ರೂಕ್ಸ್ ಮತ್ತು ಅವರ ಮಿತ್ರರು ರಾಷ್ಟ್ರೀಯ ಒಲಿಂಪಿಯನ್ ಸಂಘವನ್ನು ಸ್ಥಾಪಿಸಿ, ಮರುವರ್ಷ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಪರ್ಧೆಗಳನ್ನು ನಡೆಸಿದರು. ಹದಿನೆಂಟರ ಹರೆಯದ ಡಬ್ಲ್ಯು. ಜಿ. ಗ್ರೇಸ್, ಓವಲ್ ಮೈದಾನದಲ್ಲಿ ಔಟಾಗದೆ 224 ರನ್ ಹೊಡೆದು, ಪಂದ್ಯ ಮುಗಿಯುವ ಮುನ್ನವೇ ಅನುಮತಿ ಪಡೆದು ಅಲ್ಲಿಗೆ ಹೋಗಿ 440 ಗಜದ ಹರ್ಡಲ್ಸ್ ಗೆದ್ದರು. ಅದೇ 1866ರಲ್ಲಿ ಲಂಡನ್ನಿನ ಕುಲೀನರು ಅಮೆಚೂರ್ ಅಥ್ಲೆಟಿಕ್ ಕ್ಲಬ್ಬನ್ನು ಕಟ್ಟಿದರು. ಕೈಕಸುಬಿನವರು, ಕೂಲಿಕಾರರು ‘ಅಮೆಚೂರ್’ ಅಲ್ಲವೆಂದು ಅದರ ನಿಯಮ ಸಾರಿತು. ಗಾರೆಯವನೂ ಗಣಿಯವನೂ ಓಡಬಾರದೆಂದರೆ ಅದೆಂಥ ಆಟ? ಎಲ್ಲ ದರ್ಜೆಯವರಿಗೂ ಬಯಲು ತೆರೆದಿರಬೇಕೆಂಬುದು ಬ್ರೂಕ್ಸ್ ಅವರ ನಿಲುವಾಗಿತ್ತು. ಹಣವೂ ಅಂತಸ್ತೂ ಇದ್ದ ಎದುರಾಳಿಗಳ ಮುಂದೆ ಅವರ ರಾಷ್ಟ್ರೀಯ ಸಂಘ ಕ್ಷೀಣಿಸಿತು. ಆದರೆ ಆ ಕೂಲಿಕಾರ ನಿಷೇಧವೂ 1880ರಲ್ಲಿ ಬಿದ್ದುಹೋಯಿತು.

1890ರಲ್ಲಿ ಫ್ರಾನ್ಸಿನ ಇಪ್ಪತ್ತೇಳು ವರ್ಷದ ಪಿಯರ್ ದ ಕೂಬರ್ತಾನ್, ಎಂಬತ್ತೊಂದರ ಬ್ರೂಕ್ಸ್ ಅವರ ಅತಿಥಿಯಾಗಿ ಬಂದರು. ಕ್ರೀಡೋತ್ಸವವನ್ನು ಕಂಡು, ಲಿಂಡೆನ್ ಬಯಲಿನಲ್ಲಿ ಓಕ್ ಸಸಿಯೊಂದನ್ನು ನೆಟ್ಟರು. ಒಲಿಂಪಿಕ್ಸ್ ಇನ್ನೂ ಜೀವಂತವಾಗಿದ್ದರೆ ಅದಕ್ಕೆ ಕಾರಣ ಗ್ರೀಕನಲ್ಲ, ಡಾ. ಬ್ರೂಕ್ಸ್ ಎಂಬರ್ಥದ ಮಾತನ್ನು ಅದೇ ವರ್ಷ ಬರೆದರು. ಅಥೆನ್ಸಿನಲ್ಲಿ 1896ರ ಏಪ್ರಿಲಿನಲ್ಲಿ ಆ ಕನಸು ನನಸಾಯಿತು. ಅದನ್ನು ಕಾಣಲು ಬ್ರೂಕ್ಸ್ ಇರಲಿಲ್ಲ. 1895ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಕೀರ್ತಿಯೆಲ್ಲ ಕೂಬರ್ತಾನರ ಪಾಲಾಯಿತು. 1994ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಸಮರಾಂಚ್ ಅವರು ಬ್ರೂಕ್ಸ್ ಸಮಾಧಿಗೆ ಹೂಮಾಲೆಯರ್ಪಿಸಿದರು. 2012ರ ಲಂಡನ್ ಒಲಿಂಪಿಕ್ಸಿನ ಲಾಂಛನ ಗೊಂಬೆಗೆ ‘ವೆನ್‌ಲಾಕ್’ ಎಂದೇ ಹೆಸರಿಟ್ಟರು.

ಹೊರಗಿನವರು ಮರೆತಿದ್ದಾಗಲೂ ಊರು ಮರೆಯಲಿಲ್ಲ. ಸಂಘದ ನಡವಳಿ ಪುಸ್ತಕಗಳನ್ನು ಅಲ್ಲಿನವರು ಜೋಪಾನವಾಗಿ ಕಾಪಾಡಿದರು. ಅವುಗಳಿಂದಲೇ ಈ ವಿವರಗಳು ಲೋಕಕ್ಕೆ ದೊರೆತವು. ನಮ್ಮ ಕನ್ನಡ ಕೂಟಗಳೂ ಸಣ್ಣವೇ. ಯಾರು ಹಾಡಿದರು, ಯಾರು ಅಡುಗೆ ಮಾಡಿದರು, ಯಾರನ್ನು ಒಳಗೆ ಕರೆದೆವು ಎಂಬುದನ್ನು ನಾವೂ ಬರೆದಿಡೋಣ. ಅವಕಾಶವಾದಾಗ ಮಕ್ಕಳೊಡನೆ ಆ ಬಯಲಿಗೆ ತಾವು ಭೇಟಿ ಕೊಡಬೇಕೆಂದು ವಿನಂತಿಸುತ್ತೇವೆ.