ಕಂಬದ ನೆತ್ತಿಯ ಮೇಲಿನ ಭಯ

ಶಿಕಾರಿಪುರದಿಂದ ಶಿರಾಳಕೊಪ್ಪದ ದಾರಿ ಹಿಡಿದು ಬಳ್ಳಿಗಾವಿಗೆ ಹೋದವರು ಕೇದಾರೇಶ್ವರನ ಗುಡಿ ನೋಡಿ, ಅಲ್ಲಿನ ಹೊಯ್ಸಳ ಲಾಂಛನದ ಮುಂದೆ ಫೋಟೊ ತೆಗೆಸಿಕೊಂಡು ಹಿಂತಿರುಗುವುದೇ ಹೆಚ್ಚು. ಅದೇ ಊರಿನ ಒಂಟಿ ಕಂಬವೊಂದರತ್ತ ಕತ್ತೆತ್ತುವವರು ಕಡಿಮೆ. ಎತ್ತಿದವರೂ ಅದನ್ನು ಗರುಡಗಂಬವೆಂದು ಕರೆದು ಸುಮ್ಮನಾದದ್ದುಂಟು. ಆದರೆ ಕಂಬ ನಿಲ್ಲಿಸಿದವರು ಅದರ ನೆತ್ತಿಗೆಂದು ಕಡೆಸಿದ್ದು ಗರುಡನನ್ನಲ್ಲ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ: ಗಂಡಭೇರುಂಡ.

ಬನವಾಸಿ ನಾಡನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾಮುಂಡರಾಯರಸ 1047ರಲ್ಲಿ ಜಗದೇಕಮಲ್ಲೇಶ್ವರ ದೇವಾಲಯದ ಮುಂದೆ ಇದನ್ನು ನಿಲ್ಲಿಸಿದ. ಆಗ ಕಲ್ಯಾಣದ ಚಾಲುಕ್ಯರ ಸಿಂಹಾಸನದಲ್ಲಿದ್ದವನು ಒಂದನೆಯ ಸೋಮೇಶ್ವರ. ಕಂಬದ ಎತ್ತರ ಸುಮಾರು 30 ಅಡಿ, ಮೂರ್ತಿಯದು ಸುಮಾರು 4 ಅಡಿ.

ಲೋಕವನ್ನೇ ನುಂಗುವಷ್ಟು ದೊಡ್ಡದೊಂದರ ಮುಂದೆ ಮನುಷ್ಯ ಲೆಕ್ಕಕ್ಕೇ ಇಲ್ಲ ಎಂಬ ಭಯಕ್ಕೆ ಪಶ್ಚಿಮದಲ್ಲಿ ಒಂದು ಕಥಾಪ್ರಕಾರವೇ ಇದೆ. ಅಮೆರಿಕದ ಲವ್‌ಕ್ರಾಫ್ಟ್ (1890–1937) ಅದನ್ನು ಹುರಿಗೊಳಿಸಿದ. ಇತ್ತೀಚಿನ ದಶಕಗಳಲ್ಲಿ ಜಪಾನಿನವರು ಕಂಪ್ಯೂಟರ್ ಪರದೆಯ ಮೇಲೆ ಚಿತ್ರ, ಮಾತು, ಸಂಗೀತ ಕೂಡಿಸಿ ಓದಿಸುವ ಚಿತ್ರಕಾದಂಬರಿಗಳಿಗೂ ಅದನ್ನು ತಂದರು. ಇಂಥ ಕೃತಿಗಳ ಕಷ್ಟ ಒಂದೇ. ಭಯವನ್ನು ತೋರಿಸದಿದ್ದರೆ ಚಿತ್ರವೇಕೆ? ಪೂರ್ತಿ ತೋರಿಸಿಬಿಟ್ಟರೆ ಭಯವೆಲ್ಲಿ? ನಮ್ಮ ಶಿಲ್ಪಿಗಳಿಗೂ ಇದೇ ಕಷ್ಟ ಎದುರಾಗಿತ್ತು. ಅದಕ್ಕೆ ಬೇಲೂರಿನಲ್ಲಿ ಸಿಕ್ಕ ಉತ್ತರ ಒಂದು, ಬಳ್ಳಿಗಾವಿಯಲ್ಲಿ ಸಿಕ್ಕ ಉತ್ತರ ಇನ್ನೊಂದು.

ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಅಲ್ಲಿನ ಒಂದು ಶಿಲ್ಪದಲ್ಲಿ ಇಡೀ ಕಥೆ ಸರಪಳಿಯಂತೆ ಬಿಚ್ಚಿಕೊಳ್ಳುತ್ತದೆ. ಹಾವಿನ ಬಾಯಲ್ಲಿ ಒಂದು ಬಡಪ್ರಾಣಿ. ಇಲಿಯೆನ್ನುವವರಿದ್ದಾರೆ, ಜಿಂಕೆಯೆನ್ನುವವರೂ ಇದ್ದಾರೆ. ಹಾವನ್ನು ಹಿಡಿದ ಆನೆ, ಆನೆಯ ಮೇಲೆ ಎರಗಿದ ಸಿಂಹ, ಸಿಂಹವನ್ನು ಕೊಲ್ಲುವ ಶರಭ, ಶರಭನನ್ನು ಸೀಳುವ ಗಂಡಭೇರುಂಡ. ಪಕ್ಕದಲ್ಲಿ ಬೆರಗಾಗಿ ನೋಡುತ್ತಿರುವ ಒಬ್ಬ ಋಷಿ. ಕಣ್ಣು ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಅಕ್ಷರ ಬಾರದವನಿಗೂ ಕಥೆ ತಿಳಿಯುತ್ತದೆ. ಅದು ಈ ಶಿಲ್ಪದ ಗೆಲುವು. ಸೋಲಿರುವುದು ಆ ಋಷಿಯಲ್ಲಿ. ಹೀಗೆ ಬೆರಗಾಗಬೇಕು ಎಂದು ಅವನು ಮೊದಲೇ ತೋರಿಸಿಬಿಡುತ್ತಾನೆ. ನೋಡುವವನು ಕೊಲ್ಲುವ ಸಾಲಿನ ಹೊರಗೆ, ಋಷಿಯ ಪಕ್ಕದಲ್ಲಿ ಸುರಕ್ಷಿತವಾಗಿ ನಿಂತುಬಿಡುತ್ತಾನೆ. ಇಲಿಯ ಕಡೆಯಿಂದ ನೋಡುವ ಗೋಜು ಯಾರಿಗೂ ಬೇಡವಾಗುತ್ತದೆ.

ಬಳ್ಳಿಗಾವಿಯಲ್ಲಿ ಋಷಿಯೂ ಇಲ್ಲ, ಆ ಸರಪಳಿಯೂ ಇಲ್ಲ. ಕೊನೆಯ ಕೊಂಡಿಯೊಂದೇ ಎತ್ತರಕ್ಕೇರಿದೆ, ಅದೂ ಮನುಷ್ಯನ ಮೈ ಹೊತ್ತು. ಎಲ್ಲವನ್ನೂ ಕೊಲ್ಲಬಲ್ಲದ್ದು ದೂರದ ನಕ್ಷತ್ರದಿಂದ ಇಳಿದದ್ದಲ್ಲ, ಎರಡು ಕಾಲಿನ ಮೇಲೆ ನಡೆಯುವಂಥದ್ದು! ಲವ್‌ಕ್ರಾಫ್ಟನ ದೈತ್ಯರಿಗೆ ಮನುಷ್ಯರ ಗೊಡವೆ ಇಲ್ಲ. ಈ ಭೇರುಂಡನಿಗೆ ಇದೆ. ಏಕೆಂದರೆ ‘ಗಂಡಭೇರುಂಡ’ ಎಂಬುದು ಚಾಮುಂಡರಾಯನ ಬಿರುದೂ ಆಗಿತ್ತು. ಗಂಡ ಎಂದರೆ ಶೂರ, ಭೇರುಂಡ ಎಂದರೆ ಭಯಂಕರ. ಕಂಬದ ಕೆಳಗೆ ನಿಂತ ಒಕ್ಕಲಿಗ ಮೇಲೆ ನೋಡಿದರೆ ಕಾಣುತ್ತಿದ್ದುದು ದೇವರೋ, ದೊರೆಯೋ?

ನರಸಿಂಹನ ಉಗ್ರತೆಯನ್ನು ತಣಿಸಲು ಶಿವ ಶರಭನಾದ, ಶರಭನನ್ನು ಅಡಗಿಸಲು ವಿಷ್ಣು ಗಂಡಭೇರುಂಡನಾದ ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯ ಪ್ರಕಾರ ಇದು ಶಿವನನ್ನು ಮೀರಿಸಿದ ರೂಪ. ಹಾಗಿದ್ದೂ ಅದು ನಿಂತದ್ದು ಶಿವಾಲಯದ ಎದುರಿಗೆ. ನಿಲ್ಲಿಸಿದವನ ಮನಸ್ಸಿನಲ್ಲಿ ಇದ್ದದ್ದು ಹರಿಹರರ ಜಗಳವಲ್ಲ, ತನ್ನ ಪರಾಕ್ರಮ ಎಂದು ಊಹಿಸಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಳ್ಳಿಗಾವಿಯ ಕೃತಿಯ ದೌರ್ಬಲ್ಯವೂ ಅದರ ಎತ್ತರದಲ್ಲೇ ಇದೆ. 30 ಅಡಿಯ ಕೆಳಗೆ ನಿಂತವನಿಗೆ ನಾಲ್ಕಡಿಯ ಮೂರ್ತಿಯ ಎರಡು ತಲೆ ಎಷ್ಟು ಕಂಡೀತು? ಹಿಂದಿನ ಕಥೆ ಹೇಳುವ ಕೊಂಡಿಗಳಿಲ್ಲ. ಕಾಲ ಕಳೆದಂತೆ ಜನ ತಮಗೆ ಗೊತ್ತಿದ್ದ ಹಕ್ಕಿಯ ಹೆಸರನ್ನೇ ಅದಕ್ಕೆ ಕೊಟ್ಟರು. ಗರುಡನೆಂದರೆ ಕೈಮುಗಿದು ನಿಲ್ಲುವ ಭಕ್ತ. ಅವನಿಗೆ ಯಾರು ಹೆದರುತ್ತಾರೆ?

ಅದಕ್ಕೂ ಮೊದಲೇ ಭಯ ಬೇರೊಂದು ದಾರಿಯಲ್ಲಿ ಸವೆದಿತ್ತು. ಈ ಸೀಮೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಮಾತು ಬರುತ್ತದೆ. ಅದು ಗದ್ದೆ ಅಳೆಯುವ ಕೋಲು. ಸಿಂಹ ಶರಭಗಳನ್ನು ಸೀಳುವವನ ಹೆಸರು ಭೂಮಿಯ ಅಳತೆಗೆ ಇಳಿದದ್ದನ್ನು ಕಂಡು ನಗಬಹುದು. ಆದರೆ ಗದ್ದೆಯವನಿಗೆ ಅಳತೆಕೋಲು ಸಿಂಹಕ್ಕಿಂತ ಹತ್ತಿರದ ಭಯ.

ಮುಂದೆ ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಈ ಹಕ್ಕಿ ಆನೆಗಳನ್ನು ಹಿಡಿದು ಕಾಣಿಸಿಕೊಂಡಿತು. ಸಾಗರದ ಬಳಿಯ ಕೆಳದಿಯಲ್ಲಿ ದೇಗುಲದ ಛಾವಣಿ ಸೇರಿತು. ಮೈಸೂರು ಒಡೆಯರ ಲಾಂಛನವಾಯಿತು, ಅಲ್ಲಿಂದ ಕರ್ನಾಟಕ ಸರ್ಕಾರದ ಮುದ್ರೆಗೆ ಬಂತು. ಈ ಪಯಣದಲ್ಲಿ ಮನುಷ್ಯನ ಮೈ ಕಳಚಿಹೋಯಿತು, ಉಳಿದದ್ದು ಬರೀ ಹಕ್ಕಿ. ಶಿರಾಳಕೊಪ್ಪದಲ್ಲಿ ಬಸ್ಸಿಗೆ ಕಾಯುವವರು ಸಾರಿಗೆ ನಿಗಮದ ಕೆಂಪು ಬಸ್ಸಿನ ಮೇಲೆ ಅದನ್ನು ನೋಡುತ್ತಲೇ ಇರುತ್ತಾರೆ. ಮೈ ಇರುವ ಭೇರುಂಡನ ಕಂಬ ಅಲ್ಲಿಂದ ಎರಡು ಮೂರು ಕಿಲೋಮೀಟರು ದೂರದಲ್ಲಿದೆ.